ತುಂಬಿದ ಕೊಡ

ಬಾವಿಯಿಂದ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅಂಗಳ ದಾಟಿದ ಮೇಲೆಯೇ ಸೌಜನ್ಯಳಿಗೆ ತಾನೇನು ಮಾಡಿದೆನೆಂದು ಹೊಳೆದದ್ದು. ಬೆಳಿಗ್ಗೆ ಮೈ ಹಗುರವಾಗಿತ್ತು, ಅಷ್ಟಕ್ಕೇ ಮೈಮರೆತಿದ್ದಳು. ಜಗಲಿಯಿಂದ ಅತ್ತೆ ಗುತ್ಯಮ್ಮ ನೋಡಿಯೇಬಿಟ್ಟರು.

"ನೋಡೇ, ನಾಟಿ ಪಂಡಿತರ ಔಷಧಿ ಹಿಡೀತು! ತೀರ್ಥಹಳ್ಳೀಲಿ ಎಷ್ಟು ಸಲ ರಕ್ತ ಪರೀಕ್ಷೆ ಮಾಡಿಸಿದ್ರೂ ಏನೂ ಇಲ್ಲ ಅಂತಿದ್ರು." ಮುದುಕಿಯ ಕಣ್ಣು ತುಂಬಿತು. ಮರುಕ್ಷಣವೇ ಫೋನು ಕಿವಿಗೇರಿತು. "ಬೆಳ್ಳಪ್ಪಣ್ಣ, ನೀವು ನಮ್ಮ ಗದ್ದೆಗೆ ಬಂದಿದ್ರಲ್ಲ, ನಾಳೆ ನಿಮ್ಮಲ್ಲಿ ಸಸಿ ನೆಡೋಕೆ ಮುಯ್ಯಾಳಾಗಿ ಸೌಜನ್ಯನೇ ಬರ್ತಾಳೆ. ಹ್ಞೂಂ, ಹುಷಾರಾದ್ಲು!"

"ಅತ್ತೆ, ಬೇಡ" ಎಂದಳು ಸೌಜನ್ಯ. ಕೊಡ ಹೊತ್ತವಳ ಮಾತನ್ನು ಇನ್ನು ಯಾರು ನಂಬುತ್ತಾರೆ? ಕಾಯಿಲೆಗೆ ಕ್ರಾನಿಕ್ ಫಟೀಗ್, ಬಿಟ್ಟೂಬಿಡದ ದಣಿವಿನ ರೋಗ, ಎಂದು ಕೊನೆಗೂ ಹೆಸರು ಹೇಳಿದ ಮಂಗಳೂರಿನ ಡಾಕ್ಟರು, ಚೆನ್ನಾಗಿರುವ ದಿನವೇ ಹುಷಾರಾಗಿರಬೇಕು ಎಂದಿದ್ದರು. ಇವತ್ತು ದುಡಿದರೆ ಮೈ ನಾಳೆಯೋ ನಾಡಿದ್ದೋ ಕುಸಿಯುತ್ತದೆ. ಹೋದ ಮಳೆಗಾಲ ಅರ್ಧ ದಿನ ಸಸಿ ನೆಟ್ಟು, ಇಪ್ಪತ್ತು ದಿನ ಲೋಟ ಎತ್ತಲಾರದೆ ಗಂಜಿಯನ್ನು ಸ್ಟ್ರಾದಲ್ಲಿ ಹೀರಿದ್ದಳು.

ಒಳಗೆ ಹೋಗಿ ಹಾಸಿಗೆಯ ಪಕ್ಕ ನೀರಿನ ಬಾಟಲಿ ಇಟ್ಟಳು. ಹೊರಗೆ ಅತ್ತೆ ಅವಳ ತವರಿಗೂ ಫೋನು ಹಚ್ಚಿ, ಸೊಸೆ ಗೆದ್ದು ಬಂದಳೆಂದು ನಗುತ್ತಿದ್ದರು. ಸೌಜನ್ಯ ಗೋಡೆಯ ಗೂಡಿನಲ್ಲಿ ತಡಕಾಡಿ, ಆ ಸ್ಟ್ರಾವನ್ನು ಹುಡುಕಿ ತೊಳೆದು, ಬಾಟಲಿಗೆ ಒರಗಿಸಿಟ್ಟಳು.