ಬಿಳಿ ಹಾಳೆ

ತುರ್ತು ಪರಿಸ್ಥಿತಿಯಲ್ಲಿ ಊರಿನ ಪತ್ರಿಕೆಗೆ ಬೀಗ ಹಾಕಿಸಿದವರು ಯಾರೆಂದು ಮನೆಮನೆ ಅಲೆದು ಪತ್ತೆಮಾಡಿದ ಹತ್ತನೇ ತರಗತಿಯ ಹುಡುಗಿ, ಆ ಹೆಸರನ್ನು ತನ್ನ ಇತಿಹಾಸದ ಚಾರ್ಟಿನ ನಟ್ಟನಡುವೆ ಬರೆದಿದ್ದಳು. ಪ್ರದರ್ಶನದ ದಿನ ಮೇಷ್ಟ್ರು ಅದರ ಮೇಲೆ ಬಿಳಿ ಹಾಳೆ ಅಂಟಿಸಿದರು.

“ನಮ್ಮ ಸ್ಕೂಲ್ ಅಧ್ಯಕ್ಷರ ಅಪ್ಪ ಕಣಮ್ಮ ಅವರು. ಈಗ ಅಧ್ಯಕ್ಷರೇ ನೋಡೋಕೆ ಬರ್ತಾರೆ. ನನ್ನ ಕೆಲಸ ಹೋಗುತ್ತೆ, ಬಾಯಿ ಬಿಡಬೇಡ.”

ಅಧ್ಯಕ್ಷರು ಬಂದೇಬಿಟ್ಟರು. ಒಂದೊಂದೇ ಸಾಲು ಓದುತ್ತ ಬಂದ ಅವರ ಬೆರಳು ಬಿಳಿ ಹಾಳೆಯ ಮೇಲೆ ನಿಂತಿತು.

“ಇದೇನಮ್ಮ, ಇಷ್ಟು ಜಾಗ ಖಾಲಿ ಬಿಟ್ಟಿದ್ದೀಯ?”

ಹಿಂದೆ ನಿಂತಿದ್ದ ಮೇಷ್ಟ್ರು ಕಣ್ಣಲ್ಲೇ ಬೇಡಿಕೊಂಡರು. ಅವಳು ಅಧ್ಯಕ್ಷರತ್ತ ತಿರುಗಿದಳು.

“ಆಗಿನ ಪತ್ರಿಕೇಲೂ, ಹೆದರಿ ತೆಗೆದ ಸುದ್ದಿಯ ಜಾಗ ಹೀಗೇ ಖಾಲಿ ಇರ್ತಿತ್ತು, ಸಾರ್.”