ಕೈಗೆ ಕೊಡುವ ಮುನ್ನ

ಆಸ್ಪತ್ರೆಯ ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ. ಮುಚ್ಚಿದರೆ ಮತ್ತೆ ಬೆಂಚಿನ ಮೇಲೆ ಕುಸಿಯುತ್ತಿದ್ದ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗಿಬಿಡಬಹುದಿತ್ತು. ಯಾರೂ ಅವನನ್ನು ಕರೆಸಿರಲಿಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಆದರೂ ಹೋಗಲಿಲ್ಲ.

ಮನೆಮನೆಗೆ ಮದ್ಯ ತಲುಪಿಸುವುದು ಅವನ ಕೆಲಸ. ಸೇರಿದ ದಿನವೇ ಕಾನೂನನ್ನು ಗಿಳಿಪಾಠ ಮಾಡಿಸಿದ್ದರು. ಗುರುತಿನ ಚೀಟಿ ನೋಡಬೇಕು, ಯಾರ ಹೆಸರಲ್ಲಿದೆಯೋ ಅವರ ಕೈಗೇ ಕೊಡಬೇಕು, ಅಮಲಿನಲ್ಲಿದ್ದವರಿಗೆ ಮಾತ್ರ ಕೊಡಲೇಬಾರದು. ತಪ್ಪಿದರೆ ಕೆಲಸ ಹೋಗುತ್ತದೆ, ಕೇಸೂ ಬೀಳುತ್ತದೆ.

ನಿನ್ನೆ ಮಧ್ಯಾಹ್ನ ಬಾಗಿಲು ತೆರೆದವರು ಅರವತ್ತು ದಾಟಿದವರು. ಮನೆಯಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ. ಗೋಡೆಗೆ ಆತು ನಿಂತಿದ್ದರು. ಅಂಗಿಯ ಗುಂಡಿ ಅರ್ಧಂಬರ್ಧ ಹಾಕಿತ್ತು, ಮಾತು ತೊದಲುತ್ತಿತ್ತು. ಗುರುತಿನ ಚೀಟಿ ತೆಗೆಯಲು ಹೋಗಿ ನೆಲಕ್ಕೆ ಬೀಳಿಸಿದರು. ಎಡಗೈಯಲ್ಲಿ ಅವನ ತೋಳು ಹಿಡಿದು ಏನೋ ಗೋಗರೆದರು. ಅವನಿಗೆ ಇನ್ನೂ ಮೂರ್ನಾಲ್ಕು ಮನೆ ಬಾಕಿಯಿತ್ತು. ಇಲ್ಲದ ತಲೆನೋವು ಯಾಕೆ ಎಂದುಕೊಂಡು, ಮಾಡಬೇಕಾದ್ದನ್ನು ಮಾಡಿ ಮೆಟ್ಟಿಲಿಳಿದಿದ್ದ.

ಇವತ್ತು ಬೆಳಿಗ್ಗೆ ಅದೇ ಕಟ್ಟಡಕ್ಕೆ ಹೋದಾಗ ಕಾವಲುಗಾರ ಹೇಳಿದ: "ಮೇಲಿನ ಮನೆ ಮೇಷ್ಟ್ರು ನಿನ್ನೆ ಬಾಗಿಲ ಹತ್ರಾನೇ ಬಿದ್ದಿದ್ರಂತೆ. ಸಂಜೆ ಮಗಳು ಬಂದ್ಮೇಲೇ ಗೊತ್ತಾಗಿದ್ದು. ಆಸ್ಪತ್ರೇಲಿದ್ದಾರೆ, ಇನ್ನೂ ಮಾತಾಡಿಲ್ಲ."

ಯಾವ ಆಸ್ಪತ್ರೆ ಎಂದು ಕೇಳಿಕೊಂಡು ಅವನು ನೇರ ಇಲ್ಲಿಗೆ ಬಂದಿದ್ದ.

ಕೊನೆಗೂ ಮೇಷ್ಟ್ರ ಮಗಳು ವಾರ್ಡಿನಿಂದ ಹೊರಗೆ ಬಂದಳು. ನಿದ್ದೆಗೆಟ್ಟ ಕಣ್ಣು.

"ಯಾರನ್ನ ನೋಡ್ಬೇಕಿತ್ತು?"

"ನಿಮ್ಮನ್ನೇ, ಅಕ್ಕಾ. ನಿನ್ನೆ ನಿಮ್ಮನೆಗೆ ಬಾಟ್ಲಿ ತಂದೋನು ನಾನೇ."

ಬೈಯುತ್ತಾಳೆಂದು ತಲೆ ತಗ್ಗಿಸಿದ. ಅವಳು ಪಕ್ಕದಲ್ಲಿ ಕೂತಳು. ಅದು ಇನ್ನೂ ಚುಚ್ಚಿತು.

"ತಪ್ಪಾಯ್ತು, ಅಕ್ಕಾ. ಅವರ ಸ್ಥಿತಿ ಕಣ್ಣಾರೆ ನೋಡಿದ್ಮೇಲೂ..."

"ನಿಮ್ಮದೇನು ತಪ್ಪು? ಅಪ್ಪನ ಹೆಸರಲ್ಲಿ ತರಿಸಿದ್ದು ನಾನು. ನಮ್ಮ ಮಾವನ ಮನೆಯೋರು ಊಟಕ್ಕೆ ಬರೋರಿದ್ರು. ತಂದು ಕೊಡೋದು ನಿಮ್ಮ ಕೆಲಸ, ಕೊಟ್ರಿ."

"ಕೊಡಲಿಲ್ಲ, ಅಕ್ಕಾ." ಎಂದ ಅವನು. "ನಿಲ್ಲೋಕೂ ಆಗದಷ್ಟು ಕುಡಿದಿದ್ದಾರೆ ಅನ್ನಿಸ್ತು. ಕಾನೂನು ಪ್ರಕಾರ ಕೊಡೋ ಹಾಗಿಲ್ಲ ಅಂತ ಹೇಳಿ, ಕೈ ಬಿಡಿಸ್ಕೊಂಡು ಹೋಗ್ಬಿಟ್ಟೆ. ಅಂಥೋರನ್ನ ಒಬ್ಬರನ್ನೇ ಬಿಟ್ಟು ಹೋಗ್ಬಾರ್ದಿತ್ತು."

ಅವಳು ಅವನ ಕಡೆ ತಿರುಗಿದಳು.

"ಅಪ್ಪ ಜನ್ಮದಲ್ಲಿ ಒಂದು ಹನಿ ಮುಟ್ಟಿದೋರಲ್ಲ," ಎಂದಳು. "ನೀವು ಬಂದಾಗ ಅವರಿಗೆ ಲಕ್ವ ಹೊಡೀತಿತ್ತು."