ಅದು ಯಾವ ನೀನು?

ಹಿಲರಿ ಪಾರಿವಾಳದ ಗೂಡಿನ ಬಾಗಿಲು ಎಳೆದಳು, ಚಿಲಕ ಹಾಕುವುದನ್ನು ಮರೆತಳು. ಹಿಂದಿನಿಂದ ಫಟಫಟ ಸದ್ದು. ತಿರುಗಿ ನೋಡುವಷ್ಟರಲ್ಲಿ ಬೂದು ಬಣ್ಣದ ಹೆಣ್ಣು ಹಕ್ಕಿ ಅವಳ ತಲೆಯ ಮೇಲಿಂದ ಹಾರಿ ಎದುರು ಸಾಲಿನ ಮನೆಯ ಹೊಗೆಗೂಡಿನ ಮೇಲೆ ಕೂತಿತ್ತು.

“ಏನ್ ಮಾಡ್ಬಿಟ್ಟೆ ನೀನು!” ಅಡುಗೆಮನೆಯ ಬಾಗಿಲಿಂದ ಮಾವ ವಿಲ್ಫ್ ಕೂಗಿದ. “ಕಣ್ಣು ಎಲ್ಲಿಟ್ಕೊಂಡಿದ್ದೆ? ಚಿಲಕ ಹಾಕ್ಬೇಕು ಅಂತ ಗೊತ್ತಾಗಲ್ವಾ ನಿಂಗೆ?”

ಹಿಲರಿ ನಿಂತಲ್ಲೇ ನಿಂತಳು. ಹಕ್ಕಿ ಹೋದದ್ದು ಅವಳ ತಲೆಗೇ ಹೋಗಲಿಲ್ಲ, ಕಿವಿಯಲ್ಲಿ ನಿಂತದ್ದು ಆ ‘ನೀನು’ ಮಾತ್ರ. ಸೊಸೆಯಾಗಿ ಬಂದಾಗಿನಿಂದ ಅವನ ಬಾಯಲ್ಲಿ ಅವಳು ‘ನೀವು’. ಶಾಲೆಯ ಇಂಗ್ಲಿಷಿನಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಒಂದೇ ‘ಯೂ’; ಅವನ ‘ನೀವು’ ಎಂದರೆ ಅದೇ. ಉತ್ತರ ಇಂಗ್ಲೆಂಡಿನ ಈ ಬಾರ್ನ್ಸ್‌ಲಿಯಲ್ಲಿ ವಿಲ್ಫ್‌ನಂಥ ಹಳೆಯ ಗಣಿ ಕೆಲಸಗಾರರು ಮಾತ್ರ ‘ದಾ’ ಎಂಬ ಇನ್ನೊಂದು ಮಾತನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಅದು ‘ನೀನು’. ಹೆಂಡತಿಗೆ, ಮಕ್ಕಳಿಗೆ, ನಾಯಿಗೆ, ಪಾರಿವಾಳಕ್ಕೆ ಅದೇ. ಬೀದಿ ಜಗಳದಲ್ಲಿ ಎದುರಾಳಿಗೂ ಅದೇ. ಮಗ ಡೆರೆಕ್ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವ ತನಕ ವಿಲ್ಫ್ ಅವನನ್ನು ‘ದಾ’ ಎಂದೇ ಮಾತಾಡಿಸಿದ್ದ. ಪಕ್ಕದಲ್ಲಿ ಕೂತಿದ್ದ ಹಿಲರಿಗೆ, “ನೀವು ಸ್ವಲ್ಪ ಚಹಾ ಕುಡೀಬಹುದಲ್ವಾ?” ಎಂದಿದ್ದ. ಅವಳ ಪಾಲಿಗೆ ಯಾವಾಗಲೂ ‘ಬಹುದಾ’, ‘ಆಗುತ್ತಾ’. ಪಾರಿವಾಳಗಳಿಗಾದರೆ ‘ಬಾ’, ‘ತಿನ್ನು’, ‘ಸುಮ್ನಿರು’. ಹಿಲರಿಗೆ ಎಷ್ಟೋ ಸಲ ಆ ಹಕ್ಕಿಗಳ ಮೇಲೆ ಹೊಟ್ಟೆಕಿಚ್ಚಾಗಿತ್ತು.

ಇವತ್ತು ಅವಳು ತನ್ನ ಮನೆಯಿಂದ ಇಲ್ಲಿಗೆ ಬಂದದ್ದು ವಿದಾಯ ಹೇಳಲು. ಡೆರೆಕ್ ಹೋದ ಮೇಲೆ ಇಲ್ಲಿ ತನಗೆ ಯಾರು? “ಸೋಮವಾರ ನಾನು ಮನೆಗೆ ಹೋಗ್ತೀನಿ. ಕೆಂಟ್‌ಗೆ, ತಂಗಿ ಹತ್ರ. ಅಲ್ಲೇ ಇರೋದು ಅಂತ,” ಎಂದು ಬಂದ ತಕ್ಷಣ ಹೇಳಿಬಿಟ್ಟಿದ್ದಳು. ವಿಲ್ಫ್ ಕೆಟಲನ್ನು ಒಲೆಯ ಮೇಲಿಟ್ಟು, ಬೆನ್ನು ತಿರುಗಿಸಿಕೊಂಡೇ, “ನಿಮ್ಮಿಷ್ಟ. ನೀರು ಕಾಯೋದ್ರೊಳಗೆ ಹಕ್ಕಿಗಳಿಗೆ ಕಾಳು ಹಾಕಿ ಬರೋಕಾಗುತ್ತಾ?” ಎಂದಿದ್ದ. ಅಷ್ಟೇ. ಕಣ್ಣು ಮಂಜಾಗಿರುವಾಗ ಚಿಲಕ ಯಾರಿಗೆ ಕಂಡೀತು?

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಎಡ್ನಾ ಕತ್ತು ಎತ್ತಿದಳು. “ಏನ್ ವಿಲ್ಫ್, ಕೆಂಟ್‌ನ ಮಹಾರಾಣಿ ಹಾರಿದ್ಲಾ? ಸಾಯಂಕಾಲದ ಚಹಾ ಅಲ್ಲೇ ಬಿಡು ಅವಳಿಗೆ.”

“ನಿನ್ ಬಟ್ಟೆ ನೋಡ್ಕೋ ಹೋಗು.”

ಎಡ್ನಾ ಹೇಳಿದ್ದು ಸುಳ್ಳಲ್ಲ. ಆ ಹಕ್ಕಿಯನ್ನು ಹಿಲರಿಯೇ ದಕ್ಷಿಣದ ಕೆಂಟ್‌ನ ತನ್ನ ತವರಿನಿಂದ ಬುಟ್ಟಿಯಲ್ಲಿಟ್ಟು ತಂದುಕೊಟ್ಟಿದ್ದಳು. ಬೆಳೆದ ಮೇಲೆ ಬಂದ ಪಾರಿವಾಳವನ್ನು ಯಾರೂ ಹೊರಗೆ ಬಿಡುವುದಿಲ್ಲ. ಬಿಟ್ಟರೆ ಹುಟ್ಟಿದ ಗೂಡು ಹುಡುಕಿಕೊಂಡು ಹೋಗುತ್ತದೆ.

ವಿಲ್ಫ್ ಅಂಗಳಕ್ಕೆ ಬಂದವನು ಹಿಲರಿಯ ಮುಖ ನೋಡಿ ಟೋಪಿ ತೆಗೆದ. “ತಪ್ಪಾಯ್ತು. ಬಾಯಿ ಜಾರ್ತು. ನೀವು ಒಳಗೆ ಹೋಗಿ ಕೂತ್ಕೋಬಹುದು, ಇದನ್ನ ನಾನು ನೋಡ್ಕೋತೀನಿ.”

ಬೈದಾಗ ಬಾರದ ನೀರು ಹಿಲರಿಯ ಕಣ್ಣಿಗೆ ಈಗ ಬಂತು. “ಮತ್ತೆ ನೀವು ಅಂದ್ರಿ.”

“ಅಂದೆ. ಅದಕ್ಕೇನೀಗ?”

“ಆಗ ನೀನು ಅಂದ್ರಲ್ಲ, ಅದು ಯಾವ ನೀನು? ಜಗಳಕ್ಕೆ ನಿಂತಾಗ ಅಂತೀರಲ್ಲ, ಅದಾ? ಡೆರೆಕ್‌ಗೆ ಅಂತಿದ್ರಲ್ಲ, ಅದಾ?”

ವಿಲ್ಫ್ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸುತ್ತಾ ಹೊಗೆಗೂಡಿನ ಕಡೆ ನೋಡಿದ. “ನಿಮ್ಮನ್ನ ಮೊದಲ್ನೇ ಸಲ ಕರ್ಕೊಂಡ್ ಬಂದ ದಿನ ಡೆರೆಕ್ ಹೇಳಿದ್ದ. ‘ಅಪ್ಪಾ, ಅವಳು ತೆಂಕಣ ಸೀಮೆಯೋಳು, ನೀನು ಅಂದ್ರೆ ಒರಟ ಅಂದ್ಕೋತಾಳೆ. ನಾಲಿಗೆ ಹಿಡ್ಕೊಂಡು ಮಾತಾಡು’ ಅಂತ. ಹಿಡ್ಕೊಂಡೆ. ಬಿಡು ಅಂತ ಅವನು ಹೇಳ್ಲೇ ಇಲ್ವಲ್ಲ.”

“ನನ್ನ ಹತ್ರ ಒಂದಿನಾನೂ ಹಿಡ್ಕೊಂಡಿಲ್ಲ ನೋಡು,” ಗೋಡೆಯಾಚೆಯಿಂದ ಎಡ್ನಾ.

ಹಿಲರಿಗೆ ಅಳುವಿನ ಮಧ್ಯೆಯೇ ನಗು ಬಂತು. “ನಾನು ಹೇಳ್ತೀನಿ. ಬಿಡಿ.”

ವಿಲ್ಫ್ ಗೂಡಿನೊಳಗೆ ಹೋಗಿ ಕಾಳಿನ ತಗಡಿನ ಡಬ್ಬಿ ತಂದು ಅವಳ ಕೈಗೆ ತುರುಕಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಹೊಸ ಪಾಠ ಒಪ್ಪಿಸುವ ಮಗುವಿನ ಹಾಗೆ.

“ತಗೋ,” ಎಂದ ಕೊನೆಗೆ. “ನೀನೇ ಕರಿ. ನಿನ್ನೂರಿನ ಹಕ್ಕಿ, ನಿನ್ನ ಮಾತು ಕೇಳಿದ್ರೂ ಕೇಳ್ಬಹುದು.”

ಹಿಲರಿ ಡಬ್ಬಿ ಅಲ್ಲಾಡಿಸಿದಳು. ಕಾಳು ಗಲಗಲ ಎಂದಿತು. ಹಕ್ಕಿ ಒಮ್ಮೆ ಅಂಗಳದ ಕಡೆ ಕತ್ತು ಓರೆಮಾಡಿತು, ಒಮ್ಮೆ ದಕ್ಷಿಣದ ಆಕಾಶದ ಕಡೆ.

“ಮನೆಗೆ ಹೋಗ್ಬಿಡುತ್ತಾ?”

“ಹೋಗ್ಬಹುದು. ಹಿಡಿದಿಡೋಕಾಗಲ್ಲ.” ವಿಲ್ಫ್ ಟೋಪಿಯನ್ನು ತಲೆಗಿಟ್ಟುಕೊಂಡ. “ಆದ್ರೆ ‘ಮನೆಗೆ’ ಅನ್ಬೇಡ ಕಣೆ. ಹೋದ್ರೆ ಮನೆಯಿಂದ ಹೋಗೋದು ಅದು.”

ಹಿಲರಿಯ ಕೈ ನಿಂತಿತು.

“ಯಾಕೆ ನಿಲ್ಲಿಸ್ದೆ? ಅಲ್ಲಾಡಿಸು,” ಎಂದ ವಿಲ್ಫ್, ಅವಳ ಕಡೆ ನೋಡದೆ. “ಇನ್ನೂ ಹೊರಟಿಲ್ಲ.”